ಕುಗ್ಗುವ ಪಾಲು

ಎರಡು ಪಟ್ಟಿ ಅದಾವ ನನ್ನ ಬೆಂಚಿನ ಮ್ಯಾಲೆ,
ನೋಡಾಕ ಅವಳಿ-ಜವಳಿ.
ಒಂದು ಊರ ಮಂದಿಯದು,
ಸೆಂಟಿಮೀಟರಂದ್ರ ಸೆಂಟಿಮೀಟರು.
ಇನ್ನೊಂದು ನಮ್ಮದು, ಪ್ಯಾಟರ್ನ್ ಕೆತ್ತವರದು,
ನೂರಕ್ಕ ಒಂದು ಪಾಲು ಉದ್ದ,
ಬೇಕಂತಲೇ ಸುಳ್ಳು ಹೇಳುವ ಪಟ್ಟಿ.

ಯಾಕಂದ್ರ ಕಬ್ಬಿಣ ಕುಗ್ಗತೈತಿ.
ಕುದ್ದು, ಕೆಂಪಾಗಿ, ಮರಳಿನ ಅಚ್ಚಿಗಿಳಿದು
ಆರುವಾಗ ಮೈ ಹಿಂಡಿಕೊಂಡು ಸಣ್ಣದಾಗತೈತಿ,
ಮೊದಲ ಒಗೆತಕ್ಕ ಹೊಸ ಖಾದಿ ಅಂಗಿ ಆದಂಗ.
ಆ ಕುಗ್ಗುವ ಪಾಲನ್ನ
ಕಟ್ಟಿಗಿಯೊಳಗ ಮೊದಲೇ ಕೂಡಿಸಿಡಬೇಕು.
ಪುಂಡಲೀಕ ಮೇಸ್ತ್ರಿ ಕಲಿಸಿದ್ದು ಇಷ್ಟೇ.
ಉಳಿದದ್ದನ್ನ ಉಳಿ ಕಲಿಸಿತು.

ಆ ಮಂಗಳವಾರ ಉದ್ಯಮಬಾಗದಾಗ ಜಿಟಿಜಿಟಿ ಮಳಿ.
ಪಂಪಿನ ಬಾಡಿ, ಮುನ್ನೂರು ಮಿಲಿಯ ಫ್ಲೇಂಜು,
ಪೆನ್ಸಿಲ್ಲು ಕಿವಿಯಿಂದ ಕೈಗೆ ಬಂದಿತ್ತು.
ತೊಡಿ ಹತ್ರ ಝುಂ ಅಂತು ಫೋನು.

ನಮ್ಮ ಪಟ್ಟಿ ಕೆಳಗಿಟ್ಟೆ.
ಓಣಿಯ ಗ್ರೂಪಿನಾಗ ಯಾರೋ ಕಳಕೊಂಡ ಹೆಲ್ಮೆಟ್ಟು,
ಅದರ ಫೋಟೊ,
ಕೆಳಗ ಹದಿನೇಳು ಮಂದಿಯ ಮುಗಿದ ಕೈ.
ನಾನೂ ಒಂದು ಕೈ ಮುಗಿದೆ.
ಪಟ್ಟಿ ತಿರುಗಿ ತಗೊಂಡೆ.
ಊರ ಮಂದಿಯದು.

ಮೂರು ಮಿಲಿ.
ಬೆಂಕಿಕಡ್ಡಿಯ ದಪ್ಪಕ್ಕ ಜರಾ ಹೆಚ್ಚು.
ನಲವತ್ತು ಬಾಡಿ ಎರಕ ಹೊಯ್ದ ಮ್ಯಾಲೆ ಗೊತ್ತಾತು,
ಲೇಥಿನವರಿಗೆ ಕೆರೆಯಾಕ ಕಬ್ಬಿಣವೇ ಉಳಿದಿರಲಿಲ್ಲ.
ಮಾಲಕ ಬೈಯಲಿಲ್ಲ.
ಒಂದನ್ನ ಹೊತ್ತು ತಂದು ನನ್ನ ಬೆಂಚಿನ ಮ್ಯಾಲಿಟ್ಟು ಹೋದ.
ಇನ್ನೂ ಅಲ್ಲೇ ಐತಿ. ಪೆನ್ಸಿಲ್ಲು ಇಡತೀನಿ ಅದರಾಗ.

ಆಮ್ಯಾಲೆ ಗೋಡಿಗೆ ಸುಣ್ಣದ ಕಡ್ಡಿಲೆ ಮನಿ ಕೊರೆದೆ,
ಹುಡುಗೀರು ಕುಂಟಾಟಕ್ಕ ಕೊರೆಯುವಂಥವು.
ಭೊಂಗಾ ಆದಾಗಿಂದ ಹತ್ತೂವರಿ ಮಟ
ಗುರುತು ಹಾಕೋದು, ಕೊಯ್ಯೋದು.
ಆ ಮನಿಯೊಳಗ ಬ್ಯಾರೆ ಕೆಲಸ ಕಾಲಿಡಂಗಿಲ್ಲ.
ಚಾ. ಫೋನಿಗೆ ಹದಿನೈದು ಮಿನಿಟು.
ಮತ್ತ ಊಟದ ತನಕ ಉಜ್ಜೋದು, ಮೂಲಿಗೆ ಮೇಣ ತುಂಬೋದು.
ಫೋನು ಮೇಣದ ಖಾಲಿ ಡಬ್ಬಿಯೊಳಗ,
ಡಬ್ಬಿ ಮೇಸ್ತ್ರಿಯ ಹಳೇ ಕಪಾಟಿನೊಳಗ,
ಕೀಲಿ ಗೇಟಿನ ದಸ್ತಗೀರನ ಸೊಂಟದಾಗ.

ಮನಿಯವಳಿಗೆ ಗೇಟಿನ ನಂಬರು ಕೊಟ್ಟೆ:
ನಿಜಕ್ಕೂ ಬೇಕಾದರ ಇದಕ್ಕ ಮಾಡು.
ಮೂರು ತಿಂಗಳಾಗ ಎರಡೇ ಸಲ ಮಾಡಿದಳು.
ಒಮ್ಮೆ ಮಗ ಸಾಲ್ಯಾಗ ಬಿದ್ದು ತುಟಿ ಹರಕೊಂಡಾಗ.
ಇನ್ನೊಮ್ಮೆ ದಸ್ತಗೀರ ತೇಕುತ್ತ ಓಡಿಬಂದು ಹೇಳಿದ,
"ಏನೂ ಇಲ್ಲಂತ. ಸುಮ್ಮ ಮಾಡ್ಯಾಳಂತ."
ಅವತ್ತು ಮನಿ ದಾಟಿ ಗೇಟಿಗೆ ಹೋಗಿ ಮಾತಾಡಿ ಬಂದೆ.

ಸುಲಭ ಇತ್ತಂತ ತಿಳೀಬ್ಯಾಡ್ರಿ.
ಮೊದಲ ವಾರ ಖಾಲಿ ಕಿಸೆಯೇ ಝುಂ ಅಂತಿತ್ತು,
ಹಲ್ಲು ಕಿತ್ತ ಜಾಗಕ್ಕ ನಾಲಿಗಿ ಹೋದಂಗ
ಕೈ ಅಲ್ಲಿಗೇ ಹೋಗತಿತ್ತು.
ಮೂರನೇ ದಿನ ಕೀಲಿ ಬೇಡಿದೆ,
ಪಾಪ, ಕೊಟ್ಟೂ ಬಿಟ್ಟ.
ನೋಡಿದೆ. ಹೆಲ್ಮೆಟ್ಟು ಸಿಕ್ಕಿತ್ತಂತ.

ಗೋಡಿಯ ಮನಿಗಳೂ ಕುಗ್ಗತಾವ.
ಒಂದೂವರಿ ತಾಸಂತ ಬರೆದದ್ದು
ಆರಿದ ಮ್ಯಾಲೆ ಅಳೆದರ ಒಂದೂಕಾಲು.
ಗರಗಸಕ್ಕ ಹಲ್ಲು ಮಸೀಬೇಕು,
ಕರೆಂಟು ಹೋಗತೈತಿ,
ಹೊಸ ಹುಡುಗ ಯಲ್ಲೇಶಿ ಬಂದು
ಅಚ್ಚಿನಿಂದ ಕಟ್ಟಿಗಿ ಹೆಂಗ ಬಿಡಸೋದಂತ ಕೇಳತಾನ.
ಅವನನ್ನ ಡಬ್ಬಿಯೊಳಗ ಇಡಾಕ ಬರಂಗಿಲ್ಲ.
ಅದಕ್ಕ ಈಗ ತಾಸಿಗೂ ನಮ್ಮ ಪಟ್ಟೀನೇ ಹಚ್ಚತೀನಿ,
ಬೇಕಾದ್ದಕ್ಕಿಂತ ಒಂದು ಪಾಲು ಉದ್ದ ಕೊರೀತೀನಿ.

ನಿನ್ನೆ ತೇಗದ ಹೊಟ್ಟಿನ ವಾಸನಿ ಬಂತು.
ಇಪ್ಪತ್ತೆರಡು ವರ್ಷ ಅದರಾಗೇ ನಿಂತವ ನಾನು.
ಎಷ್ಟು ದಿನದಿಂದ ಮೂಗಿಗೆ ಹತ್ತಿರಲಿಲ್ಲಂತ
ಆಗ ತಿಳೀತು.
ಮೂರನೇ ಗೇಟಿನ ಕಡೆ ರೈಲು ಕೂಗಿತು.
ಗುರುತಿನ ಗೆರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ
ಎಲ್ಲೂ ನಿಲ್ಲದ ಹೋಗಿ ಮುಟ್ಟಿತು.

ಸಂಜಿ ಕಪಾಟು ತೆಗೆದರ ಡಬ್ಬಿಯೊಳಗ ಬೆಳಕು,
ಮೇಣ ಮೆತ್ತಿದ ಗಾಜಿನ ಹಿಂದ
ನಲವತ್ತೊಂದು ಮಂದಿ ಕಾಯ್ದಿದ್ದರು.

ಮೊದಲು ಕೈ ತೊಳಕೊಂಡೆ.