ಟವೆಲು ಹೊದ್ದ ರೇಡಿಯೊ

ಮರ್ಫಿ ಟೌನಿನಲ್ಲಿ ನಮ್ಮದು ಫಿಲಿಪ್ಸ್.
ಅಪ್ಪನ ಹಳೇ ಜೋಕು ಅದು;
ಲೈಸೆನ್ಸು ಕಟ್ಟಲು ಅಂಚೆ ಕಚೇರಿಗೆ ಹೋದಾಗಲೆಲ್ಲ ಹೇಳಿ
ತಾನೇ ನಗುತ್ತಿದ್ದ.
ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಗಲಿಲ್ಲ.
ಎಚ್.ಎ.ಎಲ್.ನಲ್ಲಿ ಎರಡೆರಡು ಪಾಳಿ,
ಗ್ರೀಸಿನ ವಾಸನೆ ಮೊದಲು ಮನೆಗೆ ಬರುತ್ತಿತ್ತು,
ಆಮೇಲೆ ಅಪ್ಪ.

ಬೆಳಿಗ್ಗೆ ಗುಂಡಿ ತಿರುಗಿಸಿದರೆ
ವಾಲ್ವು ಕಾಯುವ ತನಕ ಬರೀ ಗುಂಯ್.
ಅಷ್ಟರಲ್ಲಿ ಅವ್ವ ಒಲೆ ಊದಿ, ಕೆಮ್ಮಿ,
ಹಾಲಿನವನ ಜೊತೆ ಜಗಳ ಮುಗಿಸಿರುತ್ತಿದ್ದಳು.
ಮೊದಲು ನಾಗಸ್ವರ. ಆಮೇಲೆ ದೇವರ ನಾಮ.
ಆಮೇಲೆ ಗಂಟಲು ಸರಿಮಾಡಿಕೊಂಡ ಒಂದು ದನಿ
ಎಷ್ಟು ಟ್ಯಾಂಕು, ಎಷ್ಟು ವಿಮಾನ ಎಂದು
ಸೇರಿನಲ್ಲಿ ರಾಗಿ ಅಳೆದಂತೆ ಅಳೆದು ಕೊಡುತ್ತಿತ್ತು.
ಮಗ್ಗಿ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಿದ್ದೆ ನಾನು;
ಸಂಜೆ ವಾರ್ತೆಗೆ ಕೂಡಿ ನೋಡಿದರೆ
ಲೆಕ್ಕ ತಾಳೆಯಾಗುತ್ತಿರಲಿಲ್ಲ.

ಮಧ್ಯಾಹ್ನ ಹೆಂಗಸರಿಗೆಂದು ಭಾಷಣ:
ಸೈರನ್ ಕೂಗಿದರೆ ಗೃಹಿಣಿಯರು ಏನು ಮಾಡತಕ್ಕದ್ದು.
ಒಲೆ ಆರಿಸತಕ್ಕದ್ದು. ಮಕ್ಕಳ ಕಿವಿಗೆ ಹತ್ತಿ ಇಡತಕ್ಕದ್ದು.
ಎರಡು ಬಕೆಟ್ ಮರಳು ಸದಾ ಸಿದ್ಧವಿರತಕ್ಕದ್ದು.
"ಇರೋ ಎರಡು ಬಕೆಟ್ಟಿಗೂ ಮರಳು ತುಂಬಿದ್ರೆ
ಕೊಳಾಯಿ ಬಂದಾಗ ನೀರು ಹಿಡಿಯೋದು ಇವಳ ತಲೇಲಾ?"
ಅವ್ವ ರೇಡಿಯೊವನ್ನೇ ಕೇಳಿದಳು.
ಒಂದಕ್ಕೆ ಮಾತ್ರ ತುಂಬಿಸಿದಳು,
ಯಾರದೋ ಕಟ್ಟಡದ ಮುಂದಿನ ಗುಡ್ಡೆಯಿಂದ.
ತನಗೆಂದೇ ತಂದದ್ದು ಎಂದುಕೊಂಡಿತು ಬೆಕ್ಕು.

ಭಾಷಣದ ಹಿಂದೆಯೇ ಅರಸೀಕೆರೆ ಕೊಬ್ಬರಿ ಧಾರಣೆ.
ಯುದ್ಧವೇ ಆಗಲಿ, ಕೊಬ್ಬರಿಗೊಂದು ದರ ಇರಬೇಕಲ್ಲ.

ಸಂಜೆ ಆರೋಗ್ಯಮ್ಮ ಬರುತ್ತಿದ್ದಳು, ಹಿಂದಿನ ಸಾಲಿನವಳು,
ಜಪಸರ ಸೆರಗಿನ ತುದಿಗೆ ಗಂಟು ಹಾಕಿಕೊಂಡು.
ಒಳಗೆ ಬಾ ಎಂದರೂ ಹೊಸ್ತಿಲಾಚೆಯೇ ಕೂರುವಳು.
ಮಗ ಸ್ಯಾಪರ್. ಹಲಸೂರು ಕೆರೆಯಲ್ಲಿ
ತೇಲು ಸೇತುವೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಕಲಿತವನು
ಈಗ ಹೆಸರು ಗೊತ್ತಿಲ್ಲದ ಯಾವುದೋ ನದಿಯ ಮೇಲೆ.
ಅವಳ ಕನ್ನಡ ಅರ್ಧ ತಮಿಳು;
ವಾರ್ತೆಯ ಕನ್ನಡ ಮುಕ್ಕಾಲು ಸಂಸ್ಕೃತ.
"ಅಲ್ಪ ಹಾನಿ ಅಂದ್ರೆ ಎಷ್ಟು ಜನ, ತಂಬಿ?"
ಆರನೇ ಕ್ಲಾಸು ನಾನು.
ಇಬ್ಬರು, ಎನ್ನುತ್ತಿದ್ದೆ.

ರಾತ್ರಿ, ಕಿಟಕಿಗೆ ಕಾರ್ಬನ್ ಕಾಗದ,
ಬಾಗಿಲ ಸಂದಿಗೆ ಗೋಣಿ. ಆದರೂ ಬೀದಿಯಿಂದ ಸೀಟಿ.
ಹಗಲು ಬಿ.ಟಿ.ಎಸ್. ಕಂಡಕ್ಟರು, ರಾತ್ರಿ ವಾರ್ಡನ್ನು,
ಮುನಿವೆಂಕಟಪ್ಪ. ಸೀಟಿ ಎರಡಕ್ಕೂ ಅದೇ.
"ಯಾರ್ರೀ ಅದು, ಹಳದಿ ಲೈಟು!"
ಡಯಲಿನ ಬಲ್ಬು. ಬೆರಳಗಲ ಬೆಳಕು.
ಜ್ವರದ ಮಗುವಿಗೆ ಹೊದಿಸುವ ಹಾಗೆ
ಅವ್ವ ಅಪ್ಪನ ಟವೆಲು ಹೊದಿಸಿದಳು.
ಬೆಚ್ಚಗಿತ್ತಲ್ಲ, ಬೆಕ್ಕು ಹತ್ತಿ ಮಲಗಿತು.

ಟವೆಲಿನೊಳಗಿಂದ ಜವಾನರ ಮೆಚ್ಚಿನ ಹಾಡುಗಳು.
ಹಾಡಿಗೆ ಮುಂಚೆ ಹೆಸರು, ಹೆಸರು, ಹೆಸರು.
ಕರೆಂಟು ಕುಸಿದು ದನಿ ನೀರಿಗೆ ಬಿದ್ದಿತು.
ಸ್ಯಾಪರ್ ಅ... ಎಂದಿತು, ಮುಳುಗಿತು,
...ರಾಜ್ ಎಂದು ಮೇಲೆ ಬಂತು.
ಆರೋಗ್ಯಮ್ಮ ಎದ್ದು ನಿಂತದ್ದು ಬಳೆಯಿಂದ ತಿಳಿಯಿತು.
"ಅರುಳ್‌ರಾಜಾ? ನಮ್ಮ ಅರುಳ್‌ರಾಜಾ?"
ನನಗೆ ಕೇಳಿಸಿದ್ದು ಅಮೃತರಾಜ್.
ಬಾಯಿ ತೆರೆದೆ. ಅವ್ವನ ಕೈ
ಆ ಕತ್ತಲಲ್ಲೂ ಗುರಿ ತಪ್ಪದೆ ನನ್ನ ತೊಡೆ ಚಿವುಟಿತು.
"ಅವ್ನೇ ಕಣಮ್ಮ. ನಾನೂ ಕೇಳ್ದೆ."

ಯಾವ ಹಾಡು ಬಂತೋ ನೆನಪಿಲ್ಲ.

ಮಾರ್ಚಿನಲ್ಲಿ ಬಂದ ಅರುಳ್‌ರಾಜ್, ಎಡಗಿವಿ ಮಂದವಾಗಿ.
ರೇಡಿಯೊಗೆ ಕಾಗದವೇ? ನಾನೇ? ಎಂದು ನಕ್ಕ.
ಅವ್ವ ಒರಳಿನಿಂದ ತಲೆ ಎತ್ತಲಿಲ್ಲ.

ಆ ರಾತ್ರಿಯಂತೂ ಕೊನೆಯ ವಾರ್ತೆ ಮುಗಿದು
ನಿಲಯ ಮಲಗಿತು. ಅಪ್ಪ ಬಂದಿರಲಿಲ್ಲ.
ಟವೆಲಿನಡಿ ಕೈ ಹಾಕಿ ಅವ್ವ ಗುಂಡಿ ಹುಡುಕಿದಳು.
"ಇರ್ಲಿ ಬಿಡಕ್ಕ, ಇನ್ನೊಂದ್ ಸ್ವಲ್ಪ."
ಹೊಸ್ತಿಲು ದಾಟಿ ಯಾವಾಗ ಒಳಗೆ ಬಂದಿದ್ದಳೋ.
ಬರೀ ಗುಂಯ್.
ಮೂವರೂ ಕೇಳುತ್ತ ಕೂತೆವು.

ಸುಮ್ಮನೆ ಕರೆಂಟು ದಂಡವಾಯಿತು ಎಂದು
ಮಾರನೆಯ ದಿನ ಅಪ್ಪನಲ್ಲಿ ಗೊಣಗಿದಳು ಅವ್ವ,
ಟವೆಲಿಗಂಟಿದ ಬೆಕ್ಕಿನ ಕೂದಲು ಕೊಡವುತ್ತ.