ಕೊಸರು

ಬುರಾವ್ ಪಟ್ಟಣದ ಒಂಟೆ ಸಂತೆಯಲ್ಲಿ
ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಅಣ್ಣನ ಮಂಡಿನೋವು ಕೇಳುತ್ತಾರೆ,
ಬೆರ್ಬೆರಾದಲ್ಲಿ ಹಡಗು ನಿಂತಿದೆಯೋ ಹೊರಟಿತೋ ವಿಚಾರಿಸುತ್ತಾರೆ,
ಬೆಲೆ ಮಾತ್ರ ಶಾಲಿನ ಕೆಳಗೆ
ಒಂದು ಕೈ ಇನ್ನೊಂದು ಕೈಗೆ ಹೇಳಬೇಕು.

ಲಸಿಕೆಯ ಪೆಟ್ಟಿಗೆ ಹೊತ್ತು ಬಂದ ನಾನು
ಮುಳ್ಳುಬೇಲಿಯ ಈಚೆ ನಿಂತು ನೋಡುತ್ತೇನೆ.
ಚೌಕಾಸಿ ಅಂದರೆ ನನಗೆ ಗೊತ್ತಿದ್ದದ್ದು ಗಂಟಲು,
ಅವರೆಕಾಯಿ ಗುಡ್ಡೆಯ ಮುಂದೆ ಅಮ್ಮನ ಗಂಟಲು;
"ಬೇಡ ಬಿಡಪ್ಪ" ಅಂತ ನಾಲ್ಕು ಹೆಜ್ಜೆ ಹೋಗಿ
ಐದನೆಯದನ್ನು ಇಡದೆ ತಡೆಯುವ ಅವಳ ಚಪ್ಪಲಿ.

ಇವನು ದಿರೀಯೆ, ದಿಲಾಲ್.
ನಮ್ಮ ದಲ್ಲಾಳಿಯೇ ಈ ದಡದಲ್ಲಿ ದಿಲಾಲ್,
ಒಂದು ಒತ್ತಕ್ಷರ ಕಡಿಮೆ.
ದಿರೀಯೆಗೆ ಒಂದು ಬೆರಳೂ ಕಡಿಮೆ:
ಬಲಗೈಯ ತೋರುಬೆರಳು, ಯುದ್ಧದ ವರ್ಷ.
ಉಳಿದವು ತಲಾ ನೂರು ಡಾಲರ್.
ಇಲ್ಲದ ಬೆರಳಿನ ಬುಡ ಒತ್ತಿದರೆ ಐವತ್ತು.
ಸಾವಿರ ಹೇಗೂ ಇದ್ದದ್ದೇ; ಅದರ ಮೇಲಿನದಷ್ಟೇ ಬೆರಳಿಗೆ.
ಇಡೀ ಸಂತೆಗೆ ಗೊತ್ತು ಇದು, ಯಾವ ಕಾಗದದಲ್ಲೂ ಇಲ್ಲ.

ಇವತ್ತಿನ ಒಂಟೆ ಅಂಬರೊಳದು.
ಚಹಾ ಅಂಗಡಿಗೆ ಅವಳಿಗೊಂದು ಐಸ್ ಪೆಟ್ಟಿಗೆ ಬೇಕು.
ಪರಗಂಡಸಿನ ಕೈ ಹಿಡಿಯುವಂತಿಲ್ಲ, ಸರಿ,
ತಂಗಿಯ ಮಗ ಸುಗುಲ್ಲೆಯನ್ನು ನಡುವೆ ನಿಲ್ಲಿಸಿದ್ದಾಳೆ.
ಹತ್ತು ವರ್ಷ. ಬಲಗೈ ದಿರೀಯೆಯ ಶಾಲಿನಲ್ಲಿ,
ಎಡಗೈ ದೊಡ್ಡಮ್ಮನ ಮುಸುಕಿನಲ್ಲಿ.
ಒಣಹಾಕಿದ ಅಂಗಿಯ ಹಾಗೆ ತೋಳು ಚಾಚಿ
ಎರಡು ಕತ್ತಲೆಗಳ ಮಧ್ಯೆ ಹುಡುಗ.
ಮುಖ ಮುಚ್ಚಿಡಲು ಇನ್ನೂ ಬಾರದು ಅವನಿಗೆ,
ಅದಕ್ಕೇ "ಒಂಟೆಯ ಮೊಣಕಾಲನ್ನೇ ನೋಡು" ಅಂದಿದ್ದಾಳೆ.

ಕೊಳ್ಳುವ ಕಾಹಿನ್ ಎರಡು ಒತ್ತಿದ.
ದಿರೀಯೆ ಅದನ್ನು ಹುಡುಗನ ಕೈಗಿಟ್ಟ.
ಹುಡುಗ ದಾಟಿಸಿದ.
ಮುಸುಕಿನಿಂದ ನಾಲ್ಕು ವಾಪಸು ಬಂತು,
ಉಗುರು ಸಮೇತ.
ಕಾಹಿನ್ ಕೈ ಕೊಸರಿಕೊಂಡು ಹೊರಟ.
ಒಂದು, ಎರಡು, ಮೂರು, ನಾಲ್ಕು.
ಐದನೆಯದು?
ನೊಣ ಓಡಿಸುವ ನೆಪದಲ್ಲಿ ತಿರುಗಿ ನಿಂತ.
ಅಮ್ಮಾ, ನಿನ್ನ ಚಪ್ಪಲಿ ಇಲ್ಲೂ ಇದೆ.

ನಮ್ಮಲ್ಲಿ ಹಿಡಿದ ಕೈ ಕಿತ್ತುಕೊಳ್ಳುವುದೂ ಕೊಸರು,
ತೂಗಿ ಮುಗಿದ ಮೇಲೆ ಸುರಿವ ಹಿಡಿಯೂ ಕೊಸರು.
ಎರಡನ್ನೂ ಒಂದೇ ಗಂಟಿಗೆ ಕಟ್ಟಿದವರು
ಕತ್ತಲಾಗುವ ಮುಂಚೆ ಸಂತೆಯಿಂದ ಹೊರಟವರಿರಬೇಕು.

ಆಮೇಲೆ ಮೂರು. ಆಮೇಲೆ ಮತ್ತೆ ನಾಲ್ಕು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಒಂಟೆ ಮೆಲುಕು ಹಾಕಿತು.
ಶಾಲು ಒಮ್ಮೆ ಅಲುಗಿತು, ಅಷ್ಟೇ,
ದಿರೀಯೆ "ಆಯಿತು" ಎಂಬಂತೆ ಅದನ್ನು ಹೆಗಲಿಗೆ ಎಸೆದುಕೊಂಡ.

ಬೆಲೆ ಕುದುರಿತು ಅನ್ನುತ್ತೇವೆ ನಾವು.
ಜ್ವರ ಬಿಟ್ಟ ಮೈ ಕುದುರಿತು ಅಂದ ಹಾಗೆ,
ಯಾರು ಕುದುರಿಸಿದರೆಂದು
ಮೈಯನ್ನು ಯಾರೂ ಕೇಳುವುದಿಲ್ಲ.

ಅಂಬರೊ ಕೊನೆಗೆ ಬಾಯಿ ತೆರೆದಳು:
"ಹಗ್ಗ ನನಗೆ."
ಕಾಹಿನ್ ನಕ್ಕು ಹಗ್ಗ ಬಿಚ್ಚಿಕೊಟ್ಟ.
ಅವಳು ಸುತ್ತಿ ಸುತ್ತಿ ಮೊಳಕೈಗೆ ಹಾಕಿಕೊಂಡಳು,
ಒಂಟೆ ಹೋಗುವುದನ್ನು ನೋಡಲಿಲ್ಲ.

ಇಷ್ಟೆಲ್ಲ ಶಾಲಿನೊಳಗಿನ ಮಾತು ನನಗೆ ಹೇಗೆ ತಿಳಿಯಿತು?
ಸುಗುಲ್ಲೆ ಹೇಳಿದ.
ಹೇಳಬಾರದಂತೆ. ಆದರೂ ಹೇಳಿದ,
ಎಡಗೈಯ ಮೇಲೆ ಕೆಂಪಗೆ ನಾಲ್ಕು ಉಗುರು ಬಿದ್ದಿದ್ದವು.
"ಕಡೆಗೆ ಎಷ್ಟಕ್ಕೆ?" ಅಂದೆ.
"ಇಲ್ಲದ ಬೆರಳಿಗೆ.
ಅವನೂ ಅದನ್ನೇ ಒತ್ತಿದ. ಅವಳೂ."

ಪೆಟ್ಟಿಗೆಯಲ್ಲಿ ನನ್ನ ಬಿಸ್ಕತ್ತು ಇದ್ದದ್ದನ್ನು ಅವನು ಯಾವಾಗ ಕಂಡನೋ,
ನನ್ನ ಟವೆಲಿನ ಕೆಳಗೆ ಕೈ ತೂರಿಸಿ
ಮೂರು ಬೆರಳು ಹಿಡಿದ.
ನಾನು ಒಂದು ಒತ್ತಿದೆ.
ಕೈ ಕೊಸರಿಕೊಂಡ.
ಒಂದು, ಎರಡು, ಮೂರು,
ನಾಲ್ಕು ಹೆಜ್ಜೆ ಹೋದ.