ಅನ್ನಭೇದಿ

ಮಂಡಿಪೇಟೆಯ ಹತ್ತಿ ದಲಾಲರ ಮೆಟ್ಟಿಲ ಕೆಳಗೆ
ಮೂರಡಿ ನಾಲ್ಕಡಿ ನನ್ನ ಅಂಗಡಿ.
ಬಗ್ಗಿ ಬಂದವರೇ ಗಿರಾಕಿ.
ಬಗ್ಗಿದರು ಕೊಟ್ರಮ್ಮನವರು. ಬ್ಯಾಗಿನಿಂದ ಕರ್ಚೀಫು,
ಕರ್ಚೀಫಿನಿಂದ ಪೆನ್ನು.
‘ದಾದಾಪೀರ್, ಇದೇ ನಿಬ್ಬು ಇರ್ಲಿ. ಹೊಸದು ಹಾಕ್ಬ್ಯಾಡ.’

ಕ್ಯಾಪು ತಿರುಗಲಿಲ್ಲ. ಬಿಸಿನೀರಲ್ಲಿ ಇಟ್ಟೆ ಅರ್ಧ ಗಂಟೆ,
ಕುದಿಯುವುದಲ್ಲ, ಕೈ ತಾಳುವಷ್ಟು,
ಕೂಸಿಗೆ ಎರೆಯುವ ನೀರಿನ ಹದ.
ಆಮೇಲೆ ಟಕ್ ಅಂತು.

ಗಾಜು ಕಣ್ಣಿಗಿಟ್ಟು ನೋಡಿದೆ:
ಬಂಗಾರದ ನೀರು ಹೋಗಿ ಉಕ್ಕು ಬತ್ತಲೆ,
ಸೀಳಿನ ಎಡಕ್ಕೆ ರಾಗಿಕಾಳಿಗಿಂತ ಸಣ್ಣ ಸಣ್ಣ ಹಳ್ಳ,
ಉಸಿರಿನ ತೂತಿನ ಸುತ್ತ ಕಂದು ಹಕ್ಕಳೆ,
ಅದರ ಮೇಲೆ ಯಾರೋ ಉಜ್ಜಿದ ಗೆರೆ.
‘ಹುಣಸೆಹಣ್ಣು ಹಚ್ಚಿದ್ರಾ?’
‘ಹೂಂ. ಉಪ್ಪೂ.’
‘ಇದೇನು ದೀಪದ ಕಂಬಾನಾ ಅಮ್ಮಾ?’
ಅವರು ನಕ್ಕರು. ನನಗೆ ನಗು ಬರಲಿಲ್ಲ,
ಉಪ್ಪು ಉಕ್ಕಿಗೆ ಮುಳುವು.

ನಗರಸಭೆಯ ಜನನ ಮರಣ ವಿಭಾಗದಲ್ಲಿ ಮೂವತ್ತೊಂದು ವರ್ಷ ಅವರು.
ರಿಜಿಸ್ಟರಿಗೆ ಬೇರೆಯೇ ಮಸಿ:
ಅಳಲೆಕಾಯಿಯ ಒಗರು, ಅನ್ನಭೇದಿಯ ಹುಳಿ.
ಬರೆಯುವಾಗ ತಿಳಿನೀಲಿ, ಬೆಳಗಾದರೆ ಕಪ್ಪು,
ನೀರು ಚೆಲ್ಲಿದರೂ ಹೋಗದು,
ಹೆಸರಿನವರು ಹೋದರೂ ಹೋಗದು.
ಕಾಗದದಲ್ಲಿ ಹಲ್ಲೂರಿದ್ದು
ನಿಬ್ಬನ್ನು ಸುಮ್ಮನೆ ಬಿಟ್ಟೀತೇ?

ಅನ್ನಭೇದಿ! ಯಾರಿಟ್ಟರೋ ಹೆಸರು.
ಅನ್ನವನ್ನು ಏನು ಮಾಡುತ್ತದೋ ಕಾಣೆ,
ಕಬ್ಬಿಣದಲ್ಲಿ ಹುಟ್ಟಿ ಕಬ್ಬಿಣವನ್ನೇ ಉಣ್ಣುತ್ತದೆ.

ಬಂದವರಿಗೆಲ್ಲ ಹೇಳುತ್ತೇನೆ:
ದಿನಾ ಬರೆಯಿರಿ, ಏನೂ ಆಗದು.
ಊರಿಗೆ ಹೊರಟಿರಾ, ಮಸಿ ಚೆಲ್ಲಿ, ತೊಳೆಯಿರಿ.
ಬೋರಿನ ನೀರು ಬೇಡ, ಬಿಳಿ ಕಟ್ಟುತ್ತದೆ,
ಪಕ್ಕದ ಬ್ಯಾಟರಿ ಅಂಗಡಿಯಲ್ಲಿ ಒಂದು ಲೋಟ ಕೇಳಿ.
ಹಳೇ ಪಂಚೆಯ ತುದಿಗೆ ನಿಬ್ಬು ತಾಗಿಸಿಡಿ,
ಒಳಗಿನದೆಲ್ಲ ಬಟ್ಟೆ ಕುಡಿದುಕೊಳ್ಳಲಿ.
ಯಾರೂ ಕೇಳುವುದಿಲ್ಲ.
ಕೇಳಿದ್ದರೆ ನನಗೆ ಬೆಣ್ಣೆದೋಸೆಗೆ ಎಲ್ಲಿತ್ತು ಕಾಸು.

‘ಎಷ್ಟು ವರ್ಷ ಮಲಗಿತ್ತು?’
‘ಹನ್ನೊಂದು.’
‘ತುಂಬಿದ್ದು ಹಂಗೇ?’
‘ಹಂಗೇ.’

ಸಿ ವಿಟಮಿನ್ ಗುಳಿಗೆ ಅರೆದು, ಬಟ್ಟಲಲ್ಲಿ ಕದಡಿ, ನಿಬ್ಬು ಮುಳುಗಿಸಿದೆ.
ತುಕ್ಕು ಬಿಡತೊಡಗಿತು. ನಾಲಿಗೆಯ ಸಂದಿನಿಂದ
ಗಾಳಿಯಿಲ್ಲದ ದಿನ ಮಂಡಕ್ಕಿ ಭಟ್ಟಿಯ ಹೊಗೆಯಂತೆ
ಒಂದು ಕಪ್ಪು ಎಳೆ ನೆಟ್ಟಗೆ ಎದ್ದಿತು.
ಕೊಟ್ರಮ್ಮ ಬಟ್ಟಲಿಗೆ ಹೇಳುವವರಂತೆ ಹೇಳಿದರು:

‘ಕೊನೇದು ಹೆರಿಗೆ ಆಸ್ಪತ್ರೇದು. ಹೆಣ್ಣು.
ಹೆಸರಿನ ಕಾಲಂ ಖಾಲಿ.
ತೊಟ್ಟಿಲಿಗೆ ಹಾಕಿ ಬಂದು ಬರೆಸ್ತೀನಿ ಅಂದಿದ್ದ ಅಪ್ಪ,
ಹಮಾಲಿ ಮಾಡೋನು, ತಲೇಲಿ ಗೋಣಿಯ ಎಳೆ.
ಅದೇ ಮಸಿ ಇರ್ಲಿ ಅಂತ ತೊಳೀಲಿಲ್ಲ ನಾನು.
ಸೋಮವಾರ ಕಂಪ್ಯೂಟರ್ ಬಂತು.
ಆ ತಿಂಗಳೇ ನಂದು ರಿಟೈರ್‌ಮೆಂಟು.’

ಹಳ್ಳ ತುಂಬುವಂಥದ್ದು ನನ್ನ ಪೆಟ್ಟಿಗೆಯಲ್ಲಿ ಇಲ್ಲ.
ನುಣುಪು ಕಾಗದದ ಮೇಲೆ ತುದಿಯನ್ನು
ಇಂಗ್ಲಿಷಿನ ಎಂಟರಂತೆ ಹತ್ತು ಸಲ ತಿರುಗಿಸಿದೆ, ಒರೆಸಿದೆ,
ಮಸಿಗೆ ಅದ್ದಿ ಕೊಟ್ಟೆ.

ಪೆನ್ನು ನೋಡಲು ಎಲ್ಲರೂ ಶ್ರೀ ಬರೆಯುತ್ತಾರೆ, ಇಲ್ಲವೇ ಸಹಿ.
ಅವರು ಹತ್ತಿ ಚೀಟಿಯ ಹಿಂದೆ ಒಂದು ಚೌಕ ಎಳೆದರು,
ಪಕ್ಕದಲ್ಲಿ ‘ಹೆಣ್ಣು’ ಎಂದು.
ಒತ್ತಿನ ತಿರುವಿನಲ್ಲಿ ಕರ್ ಅಂತು.
‘ಅಲ್ಲಿ ಕೆರೀತದೆ, ಅದು ಹೋಗಲ್ಲ.’
‘ಇರ್ಲಿ.’
ಚೌಕದೊಳಗೆ ಏನೂ ಬರೆಯಲಿಲ್ಲ.

ನಲವತ್ತು ರೂಪಾಯಿ. ಸಾಧು ಮಸಿ, ಬರೀ ನೀಲಿ, ತೋರಿಸಿದೆ.
ಹಳೇದೇ ಇದೆಯಾ ಅಂದರು.
‘ಅದೆ. ಆದ್ರೆ ದಿನಾ ಬರೀಬೇಕು.’
‘ದಿನಾ ಏನ್ ಬರೀಲಿ?’

ಮೇಲೆ ಮೆಟ್ಟಿಲಲ್ಲಿ ಯಾರೋ ಧಡಧಡ ಇಳಿದರು.
ಬಟ್ಟಲಿಗೆ ಧೂಳು ಬಿತ್ತು.